ಮೇರಿಯನ್ ದ್ವೀಪದ ಇಲಿಗಳನ್ನು ಕೊನೆಯದರವರೆಗೂ ತೆಗೆಯಲೇಬೇಕೇ?

ಕಡಲಂಚು

ಕೇಪ್‌ಟೌನ್‌ನಿಂದ ಆಗ್ನೇಯಕ್ಕೆ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಮೇರಿಯನ್ ಎಂಬ ಜ್ವಾಲಾಮುಖಿ ದ್ವೀಪವಿದೆ. ವಿಸ್ತೀರ್ಣ ಸುಮಾರು 290 ಚದರ ಕಿಲೋಮೀಟರ್. ಮರಗಳಿಲ್ಲ, ಊರಿಲ್ಲ, ದಕ್ಷಿಣ ಆಫ್ರಿಕಾದ ಒಂದು ಸಂಶೋಧನಾ ನೆಲೆ ಮಾತ್ರ ಇದೆ. ಜಗತ್ತಿನ ಅಲೆಮಾರಿ ಆಲ್ಬಟ್ರಾಸ್‌ಗಳಲ್ಲಿ ಸುಮಾರು ಕಾಲು ಭಾಗ ಗೂಡು ಕಟ್ಟುವುದು ಅಲ್ಲಿಯೇ. ರೆಕ್ಕೆ ಚಾಚಿದರೆ ಮೂರು ಮೀಟರಿಗೂ ಮಿಕ್ಕುವ ಈ ಹಕ್ಕಿಯನ್ನು ಅಲ್ಲಿ ಮನೆಯಿಲಿಗಳು ಜೀವಂತವಾಗಿಯೇ ತಿನ್ನುತ್ತಿವೆ.

19ನೇ ಶತಮಾನದ ಆರಂಭದಲ್ಲಿ ಸೀಲ್ ಬೇಟೆಗಾರರ ಹಡಗುಗಳಿಂದ ಈ ಇಲಿಗಳು ದ್ವೀಪಕ್ಕೆ ಇಳಿದವು. 2003ರಲ್ಲಿ ಆಲ್ಬಟ್ರಾಸ್ ಮರಿಗಳ ಮೈಮೇಲೆ ಇಲಿ ಕಚ್ಚಿದ ಗಾಯಗಳು ಮೊದಲ ಬಾರಿಗೆ ಕಂಡುಬಂದವು. 2009ರ ಹೊತ್ತಿಗೆ ಮರಿಗಳ ತಲೆಯ ಚರ್ಮವನ್ನೇ ಕೆರೆದು ತಿಂದಿರುವುದು ದಾಖಲಾಯಿತು. 2023ರಲ್ಲಿ ಬೆಳೆದ ಆಲ್ಬಟ್ರಾಸ್‌ಗಳೇ ಸತ್ತವು. ರಾತ್ರಿ ಇಲಿಗಳು ಬಂದು ಕಚ್ಚುತ್ತಿದ್ದರೂ ಹಕ್ಕಿ ಗೂಡು ಬಿಟ್ಟು ಏಳುವುದಿಲ್ಲ. ನೆಲದ ಮೇಲೆ ಓಡಾಡುವ ಬೇಟೆಗಾರ ಪ್ರಾಣಿಯೇ ಇಲ್ಲದ ಜಾಗದಲ್ಲಿ ಲಕ್ಷಾಂತರ ವರ್ಷ ಗೂಡು ಕಟ್ಟಿದ ವಂಶ ಅದು. ಇಲಿಯನ್ನು ಶತ್ರುವೆಂದು ಗುರುತಿಸುವ ಪ್ರವೃತ್ತಿ ಅದರ ರಕ್ತದಲ್ಲಿ ಬಂದಿಲ್ಲ.

ದಕ್ಷಿಣ ಆಫ್ರಿಕಾ ಸರ್ಕಾರದ ಪರಿಸರ ಇಲಾಖೆ ಮತ್ತು ಬರ್ಡ್‌ಲೈಫ್ ಸೌತ್ ಆಫ್ರಿಕಾ ಎಂಬ ಹಕ್ಕಿ ಸಂರಕ್ಷಣಾ ಸಂಸ್ಥೆ ಸೇರಿ ‘ಮೌಸ್-ಫ್ರೀ ಮೇರಿಯನ್’ ಎಂಬ ಯೋಜನೆ ಹಾಕಿಕೊಂಡಿವೆ. ಒಂದೇ ಚಳಿಗಾಲದಲ್ಲಿ ಹೆಲಿಕಾಪ್ಟರ್‌ಗಳಿಂದ ಇಡೀ ದ್ವೀಪದ ಮೇಲೆ ವಿಷದ ಗುಳಿಗೆ ಬೀಳಿಸಿ ಇಲಿಗಳನ್ನು ಸಂಪೂರ್ಣ ಇಲ್ಲವಾಗಿಸುವುದು ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಇದನ್ನು ಮಾಡಲೇಬೇಕು. ಆದರೆ ಕೊನೆಯ ಇಲಿಯವರೆಗೂ ಹೋಗುವ ಹಣ, ಹಟ, ಸಿದ್ಧತೆ ಮೂರೂ ಇದ್ದಾಗ ಮಾತ್ರ ಕೈಹಾಕಬೇಕು. ಒಪ್ಪದವರು ದಯವಿಟ್ಟು ಬರೆಯಿರಿ.

ಹಸಿರುಹಾದಿ

ನಾನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ. ಬಳಸಲಿರುವ ವಿಷ ಬ್ರೋಡಿಫಕೂಮ್. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಪ್ರಾಣಿ ಹಲವು ದಿನಗಳ ಕಾಲ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ಇಲಿಗೂ ನೋವಿದೆ. ಹಡಗು ಹತ್ತಿ ಆ ದ್ವೀಪಕ್ಕೆ ಹೋಗುತ್ತೇನೆಂದು ಅದು ಕೇಳಿಕೊಂಡಿರಲಿಲ್ಲ, ತಂದುಬಿಟ್ಟವರು ಮನುಷ್ಯರು. ಸತ್ತ ಇಲಿಯನ್ನು ತಿನ್ನುವ ಸ್ಕುವಾ, ಗಲ್ ಹಕ್ಕಿಗಳೂ ಸಾಯುತ್ತವೆ ಎಂಬುದನ್ನು ಯೋಜನೆಯವರೇ ಅಲ್ಲಗಳೆಯುವುದಿಲ್ಲ.

ಇನ್ನೊಂದು ವಿಷಯ. ಮೇರಿಯನ್‌ನ ಚರಿತ್ರೆಯೇ ತಪ್ಪನ್ನು ತಪ್ಪಿನಿಂದ ಮುಚ್ಚಿದ ಚರಿತ್ರೆ. ಇಲಿ ಹಿಡಿಯಲಿ ಎಂದು ಬೆಕ್ಕು ತಂದರು, ಬೆಕ್ಕು ಕೊಲ್ಲಲು ವೈರಸ್ ತಂದರು, ಈಗ ಇಲಿಗೆ ವಿಷ. ಇದು ಇಲ್ಲಿಗೇ ನಿಲ್ಲುತ್ತದೆ ಎಂದು ಯಾವ ಧೈರ್ಯದಿಂದ ಹೇಳುತ್ತೀರಿ?

ಕಡಲಂಚು

ಬೆಕ್ಕಿನ ಮಾತು ಬಂದದ್ದು ಒಳ್ಳೆಯದಾಯಿತು, ಈ ಚರ್ಚೆಯ ಬೇರು ಅಲ್ಲಿಯೇ ಇದೆ. 1949ರಲ್ಲಿ ನೆಲೆಯ ಇಲಿ ಕಾಟಕ್ಕೆಂದು ತಂದದ್ದು ಐದು ಬೆಕ್ಕು. 1977ರ ಹೊತ್ತಿಗೆ ಅವುಗಳ ಸಂತಾನ ಸುಮಾರು 3,400. 1970ರ ದಶಕದ ಮಧ್ಯದಲ್ಲಿ ಅವು ವರ್ಷಕ್ಕೆ ಸುಮಾರು 4.5 ಲಕ್ಷ ಕಡಲಹಕ್ಕಿಗಳನ್ನು ತಿನ್ನುತ್ತಿದ್ದವು ಎಂಬ ಅಂದಾಜಿದೆ. ಬಿಲದಲ್ಲಿ ಗೂಡು ಮಾಡುವ ಪೆಟ್ರೆಲ್‌ಗಳೇ ಹೆಚ್ಚು ಬಲಿಯಾದವು. 1977ರಲ್ಲಿ ಬೆಕ್ಕುಗಳಿಗೆ ತಗಲುವ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ಬಿಟ್ಟರು. ಸಂಖ್ಯೆ ಬಹಳ ಇಳಿಯಿತು, ಆದರೆ ಸೊನ್ನೆಗೆ ಬರಲಿಲ್ಲ. ಬಳಿಕ ರಾತ್ರಿ ಬಂದೂಕು ಹಿಡಿದು ನಡೆದವರು, ಬೋನು ಇಟ್ಟವರು, ಕೊನೆಗೆ ವಿಷವಿಟ್ಟವರು ಸೇರಿ 1991ರಲ್ಲಿ ಕೊನೆಯ ಬೆಕ್ಕುಗಳನ್ನು ತೆಗೆದರು.

ಬೆಕ್ಕು ಹೋದ ಮೇಲೆ ಪೆಟ್ರೆಲ್‌ಗಳು ಮತ್ತೆ ಹೆಚ್ಚುತ್ತವೆ ಎಂದು ಎಲ್ಲರೂ ಎಣಿಸಿದ್ದರು. ಹೆಚ್ಚಿದವು ನಿಜ, ಆದರೆ ನಿರೀಕ್ಷೆಗಿಂತ ಬಹಳ ಕಡಿಮೆ. ಇಲಿಗಳು ಅಲ್ಲೇ ಉಳಿದಿದ್ದವು. ಹಸಿರುಹಾದಿ ಅವರೇ, ನೀವು ಹೇಳುವ ಸರಪಳಿ ಮುಂದುವರಿದದ್ದು ಒಂದು ಕೊಂಡಿಯನ್ನು ಹಾಗೆಯೇ ಬಿಟ್ಟದ್ದರಿಂದ. ಈ ಬಾರಿ ದ್ವೀಪಕ್ಕೆ ಹೊಸ ಪ್ರಾಣಿಯನ್ನಾಗಲಿ ಹೊಸ ರೋಗವನ್ನಾಗಲಿ ತರುತ್ತಿಲ್ಲ. ತಂದು ಬಿಟ್ಟದ್ದರಲ್ಲಿ ಉಳಿದಿರುವ ಕೊನೆಯ ಸಸ್ತನಿಯನ್ನು ತೆಗೆಯುತ್ತಿದ್ದಾರೆ.

ವಿಷ ನಿಧಾನವಾಗಿ ಕೊಲ್ಲುವುದು ಕ್ರೂರವೆಂಬುದನ್ನು ನಾನು ಒಪ್ಪುತ್ತೇನೆ. ಆ ನಿಧಾನವೇ ಅದನ್ನು ಆರಿಸಿಕೊಳ್ಳಲು ಕಾರಣವೂ ಹೌದು. ತಿಂದ ತಕ್ಷಣ ಹೊಟ್ಟೆ ನೋವು ಬಂದರೆ ಇಲಿ ಆ ಗುಳಿಗೆಯನ್ನು ಮತ್ತೆ ಮುಟ್ಟುವುದಿಲ್ಲ, ಸಾಕಷ್ಟು ವಿಷ ಒಳಹೋಗುವುದಿಲ್ಲ, ಒಂದಿಷ್ಟು ಇಲಿಗಳು ಉಳಿದುಕೊಳ್ಳುತ್ತವೆ. ಉಳಿದವು ಮತ್ತೆ ದ್ವೀಪ ತುಂಬುತ್ತವೆ, ನಾವು ಮತ್ತೆ ಕೊಲ್ಲಬೇಕಾಗುತ್ತದೆ.

ಮೊದಲಮಳೆ

ಒಂದು ಪ್ರಶ್ನೆ. ಇಲಿಗಳು ಬಂದು ಇನ್ನೂರು ವರ್ಷವಾಗಿದೆ ಅಂದಿರಿ. ಇಷ್ಟು ಕಾಲ ಸುಮ್ಮನಿದ್ದು ಈಗೇಕೆ ಹಕ್ಕಿಗಳ ಮೇಲೆ ಬಿದ್ದಿವೆ?

ಶಿಲಾಪದರ

ಮೊದಲಮಳೆ ಅವರ ಪ್ರಶ್ನೆಗೆ ಉತ್ತರ ಹವೆಯಲ್ಲಿದೆ, ಹುಳುಗಳಲ್ಲಿಯೂ ಇದೆ.

ಮೇರಿಯನ್ ಕಳೆದ ಶತಮಾನದ ಮಧ್ಯಭಾಗದಿಂದ ಈಚೆಗೆ ಬೆಚ್ಚಗಾಗಿದೆ, ಮಳೆಯೂ ಕಡಿಮೆಯಾಗಿದೆ. ಇಲಿಗೆ ಚಳಿ ಮತ್ತು ಒದ್ದೆ ಎರಡೂ ಆಗದು. ಬೆಚ್ಚಗಿನ, ಒಣ ದಿನಗಳು ಹೆಚ್ಚಿದಷ್ಟೂ ಅವು ಮರಿ ಹಾಕುವ ಅವಧಿ ಉದ್ದವಾಗುತ್ತದೆ. ಬೇಸಿಗೆಯ ಕೊನೆಗೆ ಅವುಗಳ ಸಂಖ್ಯೆ ಹಿಂದೆಂದಿಗಿಂತ ಮೇಲೇರುತ್ತದೆ. ಆಮೇಲೆ ಚಳಿಗಾಲ ಬರುತ್ತದೆ, ತಿನ್ನಲು ಏನೂ ಇರುವುದಿಲ್ಲ.

ಹಿಂದೆ ಅವು ಏನು ತಿನ್ನುತ್ತಿದ್ದವು ಎಂದರೆ ಮುಖ್ಯವಾಗಿ ಹುಳುಹುಪ್ಪಟೆ ಮತ್ತು ಬೀಜ. ಇಂಥ ದ್ವೀಪಗಳಲ್ಲಿ ಕೀಟಗಳ ಲೋಕವೇ ಬೇರೆ. ಬಿರುಗಾಳಿಯಲ್ಲಿ ಹಾರಿದರೆ ಕಡಲು ಪಾಲಾಗುವುದರಿಂದ ಎಷ್ಟೋ ಕೀಟಗಳು ರೆಕ್ಕೆಯನ್ನೇ ಕಳೆದುಕೊಂಡಿವೆ. ಇಂಥದೇ ಕೆರ್ಗೆಲೆನ್ ದ್ವೀಪದಲ್ಲಿ ಹಾರಲಾರದ ನೊಣವಿದೆ. ಮೇರಿಯನ್‌ನಲ್ಲಿ ಹಾರಲಾರದ ಪತಂಗವಿದೆ. ಸಸ್ಯಾಹಾರಿ ಸಸ್ತನಿಗಳಿಲ್ಲದ ಆ ನೆಲದಲ್ಲಿ ಸತ್ತ ಎಲೆ, ಹುಲ್ಲನ್ನು ಮಣ್ಣಾಗಿಸುವ ಕೆಲಸದಲ್ಲಿ ಆ ಪತಂಗದ ಕಂಬಳಿಹುಳುವಿನ ಪಾಲು ಬಹಳ ದೊಡ್ಡದು. ಇಲಿಗಳು ಅದನ್ನು ತಿಂದು ತಿಂದು ಕಡಿಮೆ ಮಾಡಿದವು. ಹುಳು ಸಾಲದಾದಾಗ ಗೂಡಿನಲ್ಲಿ ಕುಳಿತ ಹಕ್ಕಿ ಕಣ್ಣಿಗೆ ಬಿತ್ತು.

ನನಗೆ ಅತ್ಯಂತ ಬೆರಗಿನ ಸಂಗತಿ ಇಲ್ಲಿದೆ. ಅಲೆಮಾರಿ ಆಲ್ಬಟ್ರಾಸ್ ಹುಲ್ಲು, ಕೆಸರು ಕೂಡಿಸಿ ದಿಬ್ಬದಂಥ ಗೂಡು ಕಟ್ಟುತ್ತದೆ. ಹಕ್ಕಿ ಕುಳಿತಿರುವ ಗೂಡು ಸುತ್ತಲಿನ ನೆಲಕ್ಕಿಂತ ಸುಮಾರು ಐದು ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುತ್ತದೆ. ಆ ಕಂಬಳಿಹುಳುಗಳು ಬಯಲಿಗಿಂತ ಗೂಡಿನೊಳಗೆ ಹೆಚ್ಚು ದಟ್ಟವಾಗಿ ಸಿಗುತ್ತವೆ, ಚೆನ್ನಾಗಿ ಬೆಳೆಯುತ್ತವೆ. ಜೊತೆಗೆ ಕಡಲಿನಲ್ಲಿ ಉಂಡ ಹಕ್ಕಿಗಳು ನೆಲದ ಮೇಲೆ ಹಾಕುವ ಹಿಕ್ಕೆಯೇ ಈ ದ್ವೀಪಗಳ ಮುಖ್ಯ ಗೊಬ್ಬರ. ಹಕ್ಕಿ ಹೋದರೆ ಹುಳುವಿನ ಮನೆಯೂ ಹೋಗುತ್ತದೆ, ಹುಲ್ಲಿನ ಊಟವೂ ಹೋಗುತ್ತದೆ. ಇಲಿ ಒಂದು ಕಡೆಯಿಂದ ಹುಳುವನ್ನು, ಇನ್ನೊಂದು ಕಡೆಯಿಂದ ಹುಳುವಿಗೆ ಬಿಸಿ ಕೊಡುವ ಹಕ್ಕಿಯನ್ನು ತಿನ್ನುತ್ತಿದೆ.

ಗರಿಗಣ್ಣು

ಹಸಿರುಹಾದಿ ಅವರು ಎತ್ತಿದ, ಬೇರೆ ಹಕ್ಕಿಗಳ ಸಾವಿನ ಪ್ರಶ್ನೆಯನ್ನು ಕಡಲಂಚು ಅವರು ದಾಟಿ ಹೋದರು. ಅದನ್ನು ಮರೆಮಾಚಬಾರದು. ಮ್ಯಾಕ್ವಾರಿ ದ್ವೀಪದ ಉದಾಹರಣೆ ನೋಡೋಣ.

ಮ್ಯಾಕ್ವಾರಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯಕ್ಕೆ ಸೇರಿದ್ದು, 128 ಚದರ ಕಿಲೋಮೀಟರ್, 1997ರಿಂದ ವಿಶ್ವ ಪರಂಪರೆಯ ತಾಣ. ರಾಯಲ್ ಪೆಂಗ್ವಿನ್‌ಗಳು ಮರಿ ಮಾಡುವುದು ಅಲ್ಲಿ ಮತ್ತು ಅದರ ಪಕ್ಕದ ಪುಟ್ಟ ನಡುಗಡ್ಡೆಗಳಲ್ಲಿ ಮಾತ್ರ. 1810ರಲ್ಲಿ ಸೀಲ್ ಬೇಟೆಗಾರರು ಅದನ್ನು ಕಂಡರು. ತುಪ್ಪಳಕ್ಕೆ ಸೀಲ್‌ಗಳನ್ನು, ಎಣ್ಣೆಗೆ ಆನೆ ಸೀಲ್‌ಗಳನ್ನು, ಕೊನೆಗೆ ಪೆಂಗ್ವಿನ್‌ಗಳನ್ನೂ ಕೊಪ್ಪರಿಗೆಯಲ್ಲಿ ಕುದಿಸಿದರು. ಅವರ ಹಿಂದೆ ಬೆಕ್ಕು, ಹೆಗ್ಗಣ, ಇಲಿ, ಮೊಲ ಬಂದವು. ಮ್ಯಾಕ್ವಾರಿಗೆ ಮಾತ್ರ ಸೇರಿದ್ದ ಒಂದು ಗಿಳಿ 19ನೇ ಶತಮಾನ ಮುಗಿಯುವುದರೊಳಗೆ ಅಳಿದುಹೋಯಿತು.

2000ದಲ್ಲಿ ಕೊನೆಯ ಬೆಕ್ಕನ್ನು ತೆಗೆದರು. ಆ ಬಳಿಕ ಮೊಲಗಳ ಸಂಖ್ಯೆ ವಿಪರೀತ ಏರಿತು. ಬೆಕ್ಕು ಹೋದದ್ದೇ ಕಾರಣವೇ, ಮೊಲಗಳ ಮೇಲೆ ಬಿಟ್ಟಿದ್ದ ಮಿಕ್ಸೋಮಾ ವೈರಸ್ ಬಲ ಕಳೆದುಕೊಂಡದ್ದೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಜಗಳವೇ ನಡೆಯಿತು. ಎರಡೂ ಸೇರಿದ್ದವು ಎಂದು ನನಗನಿಸುತ್ತದೆ. ಎತ್ತರದ ಟಸಕ್ ಹುಲ್ಲು ಮತ್ತು ದೊಡ್ಡೆಲೆಯ ಮ್ಯಾಕ್ವಾರಿ ಕೋಸು ಬುಡಸಹಿತ ಹೋದವು, ಕಡಿದಾದ ಇಳಿಜಾರುಗಳು ಬೋಳಾದವು. 2006ರಲ್ಲಿ ಗುಡ್ಡ ಜಾರಿ ಪೆಂಗ್ವಿನ್‌ಗಳ ಮೇಲೆ ಬಿತ್ತು.

ಕೊನೆಗೆ ಮೊಲ, ಹೆಗ್ಗಣ, ಇಲಿ ಮೂರನ್ನೂ ಒಟ್ಟಿಗೆ ತೆಗೆಯಲು ಸುಮಾರು 2.4 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗಳ ಯೋಜನೆ ಬಂತು. 2010ರ ಮೊದಲ ಪ್ರಯತ್ನ ಕೆಟ್ಟ ಹವೆಯಿಂದ ನಿಂತುಹೋಯಿತು. ಆ ಅಲ್ಪ ಪ್ರಯತ್ನದಲ್ಲಿಯೇ ನೂರಾರು ಹಕ್ಕಿಗಳು ಸತ್ತವು. ಆಗ ಅವರು ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದರು: 2011ರಲ್ಲಿ ವಿಷ ಹಾಕುವ ಮೊದಲು ಮೊಲಗಳಿಗೆ ತಗಲುವ ಕ್ಯಾಲಿಸಿವೈರಸ್ ಬಿಟ್ಟರು. ಮೊಲಗಳು ಮೊದಲೇ ಕಡಿಮೆಯಾದ್ದರಿಂದ ವಿಷ ತಿಂದ ಹೆಣಗಳೂ ಕಡಿಮೆಯಾದವು, ಬಿದ್ದ ಹೆಣಗಳನ್ನು ಜನ ನಡೆದುಹೋಗಿ ಹೆಕ್ಕಿದರು. ಇಷ್ಟಾದರೂ ಒಟ್ಟು ಎರಡು ಸಾವಿರಕ್ಕೂ ಹೆಚ್ಚು ಹಕ್ಕಿಗಳು ಸತ್ತವು: ಕೆಲ್ಪ್ ಗಲ್, ಜೈಂಟ್ ಪೆಟ್ರೆಲ್, ಸ್ಕುವಾ. ಉಳಿದಿದ್ದ ಹದಿಮೂರು ಮೊಲಗಳನ್ನು ನಾಯಿಗಳ ನೆರವಿನಿಂದ ಹುಡುಕಿ ತೆಗೆದರು. 2014ರಲ್ಲಿ ದ್ವೀಪ ಮುಕ್ತವೆಂದು ಘೋಷಣೆಯಾಯಿತು.

ಈಗ ಕೋಸು ಮತ್ತೆ ಎದ್ದಿದೆ, ಬೂದು ಪೆಟ್ರೆಲ್, ನೀಲಿ ಪೆಟ್ರೆಲ್‌ಗಳು ಮುಖ್ಯ ದ್ವೀಪದಲ್ಲಿ ಹರಡುತ್ತಿವೆ. ಸ್ಕುವಾಗಳು ಮಾತ್ರ ಹಿಂದಿನಷ್ಟಿಲ್ಲ, ಏಕೆಂದರೆ ಅವು ಮೊಲ ತಿಂದು ಹೆಚ್ಚಿದ್ದವು. ಆ ಎರಡು ಸಾವಿರ ಹಕ್ಕಿಗಳ ಸಾವು ನನಗೆ ಸಣ್ಣದಲ್ಲ. ಆದರೂ ಇಡೀ ಗುಡ್ಡವೇ ಕುಸಿಯುತ್ತಿದ್ದ ದ್ವೀಪದಲ್ಲಿ ಬೇರೆ ದಾರಿ ನನಗೆ ಕಾಣುವುದಿಲ್ಲ.

ಹಸಿರುಹಾದಿ

ಗರಿಗಣ್ಣು ಅವರು ಸಾವನ್ನು ಸಾವೆಂದೇ ಬರೆದದ್ದಕ್ಕೆ ಧನ್ಯವಾದ. ಹಾಗಾದರೆ ದಕ್ಷಿಣ ಅಟ್ಲಾಂಟಿಕ್‌ನ ಗಫ್ ದ್ವೀಪದ ಬಗ್ಗೆ ಏನು ಹೇಳುತ್ತೀರಿ? ಅಲ್ಲಿಯೂ ಇಲಿಗಳು ಟ್ರಿಸ್ಟನ್ ಆಲ್ಬಟ್ರಾಸ್ ಮರಿಗಳನ್ನು ತಿನ್ನುತ್ತಿದ್ದವು. 2021ರ ಚಳಿಗಾಲದಲ್ಲಿ ಇದೇ ವಿಧಾನದಲ್ಲಿ ಇಡೀ ದ್ವೀಪಕ್ಕೆ ವಿಷ ಹಾಕಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಲಿ ಮತ್ತೆ ಕಾಣಿಸಿತು. 65 ಚದರ ಕಿಲೋಮೀಟರ್‌ನಲ್ಲಿ ಸೋತವರು 290ರಲ್ಲಿ ಗೆಲ್ಲುತ್ತಾರೆಯೇ? ಸೋತರೆ ಸತ್ತ ಇಲಿಗಳೂ ಹಕ್ಕಿಗಳೂ ವ್ಯರ್ಥವಾಗಿ ಸತ್ತಂತೆ. ನನ್ನ ಆಕ್ಷೇಪದ ತಿರುಳು ಇದೇ.

ಕಡಲಂಚು

ಸರಿಯಾದ ಜಾಗಕ್ಕೆ ಬಂದಿರಿ. ಗಫ್‌ನ ಸೋಲು ನನ್ನ ನಿಲುವಿನ ಅರ್ಧ ಭಾಗ. ನೂರರಲ್ಲಿ ತೊಂಬತ್ತೊಂಬತ್ತು ಇಲಿ ಸತ್ತರೂ ಅದು ಸೋಲು. ಬಸಿರಿನ ಒಂದು ಹೆಣ್ಣು ಉಳಿದರೆ ಸಾಕು.

ಹೆಗ್ಗಣಕ್ಕಿಂತ ಇಲಿಯನ್ನು ಮುಗಿಸುವುದು ಕಷ್ಟ. ಹೆಗ್ಗಣ ದೂರ ಅಲೆಯುತ್ತದೆ, ಗುಳಿಗೆ ಸಿಕ್ಕೇ ಸಿಗುತ್ತದೆ. ಇಲಿಯ ಓಡಾಟ ಕೆಲವು ಮೀಟರುಗಳಷ್ಟೇ ಇರಬಹುದು. ಆದ್ದರಿಂದ ಬಂಡೆಯ ಸಂದು, ಕಡಿದಾದ ಕಡಲಗೋಡೆ, ಲಾವಾ ಗುಹೆ, ನೆಲೆಯ ಕಟ್ಟಡಗಳ ಅಡಿ, ಎಲ್ಲಿಯೂ ಒಂದು ಚೂರು ಜಾಗ ತಪ್ಪಬಾರದು. ಹೆಲಿಕಾಪ್ಟರ್ ಹಾರಿದ ಗೆರೆಗಳನ್ನು ಜಿಪಿಎಸ್‌ನಲ್ಲಿ ನೋಡಿ, ಪಟ್ಟಿಗಳು ಒಂದರ ಮೇಲೊಂದು ಬರುವಂತೆ ಎರಡು ಸುತ್ತು ಹಾಕುತ್ತಾರೆ. ಚಳಿಗಾಲವನ್ನು ಆರಿಸುವುದಕ್ಕೂ ಕಾರಣವಿದೆ: ಆಗ ಇಲಿಗಳು ಹಸಿದಿರುತ್ತವೆ, ಮರಿ ಹಾಕುವುದಿಲ್ಲ, ಸ್ಕುವಾಗಳಂಥ ಹಕ್ಕಿಗಳು ಬಹುಪಾಲು ದ್ವೀಪ ಬಿಟ್ಟಿರುತ್ತವೆ.

ಇಲಿಗಳನ್ನು ಮುಗಿಸಿದ ಉದಾಹರಣೆಗಳೂ ಇವೆ. ಮ್ಯಾಕ್ವಾರಿಯಲ್ಲಿ ಮೊಲ, ಹೆಗ್ಗಣಗಳ ಜೊತೆಗೆ ಇಲಿಗಳೂ ಹೋದವು. ನ್ಯೂಜಿಲೆಂಡಿನ ಆಂಟಿಪೋಡೀಸ್ ದ್ವೀಪದಲ್ಲಿ 2016ರಲ್ಲಿ ವಿಷ ಹಾಕಿ, 2018ರಲ್ಲಿ ಮುಕ್ತವೆಂದು ಘೋಷಿಸಿದರು. ಮೇರಿಯನ್ ಮ್ಯಾಕ್ವಾರಿಯ ಎರಡು ಪಟ್ಟಿಗೂ ಹೆಚ್ಚು ಎಂಬುದು ನಿಜ.

ದೊಡ್ಡದರ ಮಾತಿಗೆ ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪ ಇದೆ. ಅಲ್ಲಿನ ಹೆಗ್ಗಣಗಳನ್ನು ತೆಗೆಯಲು 2011, 2013, 2015ರಲ್ಲಿ ಮೂರು ಹಂತಗಳಲ್ಲಿ ಒಂದು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ನೆಲಕ್ಕೆ ವಿಷ ಹಾಕಿದರು. ಹಂತ ಮಾಡಲು ಸಾಧ್ಯವಾದದ್ದು ಹಿಮನದಿಗಳಿಂದ. ಕಡಲಿಗಿಳಿಯುವ ಹಿಮನದಿಯನ್ನು ಹೆಗ್ಗಣ ದಾಟದು, ಹಾಗಾಗಿ ದ್ವೀಪ ಗೋಡೆ ಹಾಕಿದ ಕೋಣೆಗಳಂತೆ ವಿಂಗಡವಾಗಿತ್ತು. ಆದರೆ ಆ ಹಿಮನದಿಗಳು ಹಿಂದೆ ಸರಿಯುತ್ತಿದ್ದವು. ತಡ ಮಾಡಿದರೆ ಕೋಣೆಗಳು ಒಂದಾಗಿಬಿಡುತ್ತಿದ್ದವು. 1911ರಿಂದ ತಿಮಿಂಗಿಲ ಬೇಟೆಗಾರರು ಮಾಂಸಕ್ಕೆಂದು ತಂದಿದ್ದ ಹಿಮಸಾರಂಗಗಳ ಸಂತಾನವನ್ನೂ 2013ರಿಂದ ತೆಗೆದರು, ಆರು ಸಾವಿರಕ್ಕೂ ಹೆಚ್ಚು ಇದ್ದವು. ಎರಡು ವರ್ಷ ಕಾದು, ಮೂಸುವ ನಾಯಿಗಳನ್ನು ಕರೆದೊಯ್ದು, ಅಗಿಯಲೆಂದು ಸಾವಿರಾರು ಗುರುತುಕಡ್ಡಿಗಳನ್ನಿಟ್ಟು ಪರೀಕ್ಷಿಸಿ, 2018ರ ಮೇ ತಿಂಗಳಲ್ಲಿ ಹೆಗ್ಗಣವಿಲ್ಲವೆಂದು ಘೋಷಿಸಿದರು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಸೌತ್ ಜಾರ್ಜಿಯಾ ಪಿಪಿಟ್, ಆ ದ್ವೀಪದ ಏಕೈಕ ಹಾಡುಹಕ್ಕಿ, ಕಾಲುಶತಮಾನವಲ್ಲ, ಕೆಲವೇ ವರ್ಷಗಳಲ್ಲಿ ಹಳೆಯ ಕಣಿವೆಗಳಿಗೆ ಮರಳಿತು.

ಹಣ ಪೂರ್ತಿ ಕೂಡಿಬರುವವರೆಗೆ ಮೇರಿಯನ್‌ನಲ್ಲಿ ಶುರು ಮಾಡದೆ ಕಾಯುತ್ತಿರುವುದನ್ನು ಕೆಲವರು ಸೋಮಾರಿತನ ಎನ್ನುತ್ತಾರೆ. ನಾನು ಅದನ್ನು ಮೆಚ್ಚುತ್ತೇನೆ.

ಗರಿಗಣ್ಣು

ಸೌತ್ ಜಾರ್ಜಿಯಾದ ಗೆಲುವಿಗೆ ಒಂದು ಮಾತು ಸೇರಿಸಲೇಬೇಕು. ಅಲ್ಲಿ ಪಿಪಿಟ್ ಮರಳಿತು, ಅಲೆಮಾರಿ ಆಲ್ಬಟ್ರಾಸ್‌ಗಳ ಇಳಿಕೆ ನಿಲ್ಲಲಿಲ್ಲ. ಅವು ಹೆಚ್ಚಾಗಿ ಗೂಡು ಕಟ್ಟುವ, ಪಕ್ಕದ ಬರ್ಡ್ ಐಲೆಂಡ್ ಎಂಬ ಪುಟ್ಟ ದ್ವೀಪಕ್ಕೆ ಹೆಗ್ಗಣ ಎಂದೂ ಬಂದಿರಲಿಲ್ಲ. ಅವು ಸಾಯುತ್ತಿರುವುದು ಕಡಲಿನಲ್ಲಿ.

ಉದ್ದನೆಯ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ ಬಿಡುವ ಲಾಂಗ್‌ಲೈನ್ ಮೀನುಗಾರಿಕೆಯಲ್ಲಿ ಹಕ್ಕಿ ಎರೆಯನ್ನು ಹಿಡಿಯಲು ಎರಗಿ ಗಾಳಕ್ಕೆ ಸಿಕ್ಕಿ ಮುಳುಗುತ್ತದೆ. ಸೌತ್ ಜಾರ್ಜಿಯಾದ ಸುತ್ತಲಿನ ಕಡಲಿನಲ್ಲಿ ಇದನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದಾರೆ: ಹಕ್ಕಿಗಳು ಮರಿ ಮಾಡುವ ಬೇಸಿಗೆಯಲ್ಲಿ ಮೀನುಗಾರಿಕೆಗೆ ನಿಷೇಧ, ರಾತ್ರಿ ಮಾತ್ರ ಗಾಳ ಬಿಡುವುದು, ಬೇಗ ಮುಳುಗಲು ಹಗ್ಗಕ್ಕೆ ತೂಕ, ಹಕ್ಕಿ ಬೆದರಿಸಲು ಹಡಗಿನ ಹಿಂದೆ ಪಟ್ಟಿ ತೂಗುವ ಹುರಿ. ಅಂಟಾರ್ಕ್ಟಿಕ್ ಕಡಲಿನ ಜೀವಸಂಪತ್ತನ್ನು ನೋಡಿಕೊಳ್ಳಲು 1982ರಲ್ಲಿ ಜಾರಿಗೆ ಬಂದ ಒಪ್ಪಂದದ ನಿಯಮಗಳು ಇಲ್ಲಿ ನಿಜವಾಗಿ ಕೆಲಸ ಮಾಡಿವೆ. ಆದರೆ ಆಲ್ಬಟ್ರಾಸ್ ಆ ಗಡಿಯೊಳಗೆ ಉಳಿಯುವ ಹಕ್ಕಿಯಲ್ಲ. ಯಾರ ಅಧಿಕಾರಕ್ಕೂ ಸೇರದ ಕಡಲಿನಲ್ಲಿ ಟ್ಯೂನಾ ಹಿಡಿಯುವ ಹಡಗುಗಳ ಹತ್ತಿರ ಅದೇ ಹಕ್ಕಿ ಸಾಯುತ್ತದೆ. ಎರಡು ವರ್ಷಕ್ಕೊಂದು ಮೊಟ್ಟೆ ಇಡುವ ಹಕ್ಕಿಗೆ ಬೆಳೆದ ಒಂದು ಜೀವದ ನಷ್ಟ ತುಂಬಲು ವರ್ಷಗಳೇ ಬೇಕು.

ಇದರ ಮೇಲೆ ಹಕ್ಕಿಜ್ವರ. 2023ರ ಅಕ್ಟೋಬರ್‌ನಲ್ಲಿ ಅದರ ಎಚ್5ಎನ್1 ವೈರಸ್ ಬರ್ಡ್ ಐಲೆಂಡ್‌ನ ಸ್ಕುವಾಗಳಲ್ಲಿ ಕಂಡಿತು. ಬಳಿಕ ಸೀಲ್‌ಗಳಿಗೂ ಹರಡಿತು. ಸೌತ್ ಜಾರ್ಜಿಯಾದ ಮೂರು ದೊಡ್ಡ ನೆಲೆಗಳಲ್ಲಿ 2022ಕ್ಕೆ ಹೋಲಿಸಿದರೆ 2024ರಲ್ಲಿ ಮರಿ ಹಾಕಲು ಬಂದ ಹೆಣ್ಣು ಆನೆ ಸೀಲ್‌ಗಳು 47 ಶೇಕಡಾ ಕಡಿಮೆ. 2024ರಲ್ಲಿ ಮೇರಿಯನ್‌ಗೂ ರೋಗ ಬಂತು. ಇಲಿಯ ಯೋಜನೆಗೆ ನನ್ನ ಬೆಂಬಲವಿದೆ, ಇಲಿ ಹೋದರೆ ಆಲ್ಬಟ್ರಾಸ್ ಉಳಿಯಿತು ಎಂದು ಮಾತ್ರ ಯಾರೂ ಬರೆಯಬಾರದು. ನೆಲದ ಮೇಲೆ ನಮ್ಮ ಕೈಯಲ್ಲಿರುವ ಒಂದು ಕಾರಣವನ್ನು ತೆಗೆದರೆ ಉಳಿದ ಹೊಡೆತಗಳನ್ನು ತಾಳಲು ಅದಕ್ಕೆ ಬಲ ಸಿಗುತ್ತದೆ, ಅಷ್ಟು.

ಮೊದಲಮಳೆ

ಪ್ರಾಣಿಗಳು ಖಾಲಿಯಾದ ಮೇಲೆ ಹಕ್ಕಿಗಳನ್ನು ಮನುಷ್ಯರೇ ತಂದು ಬಿಡಬೇಕಾಗುತ್ತದೆಯೇ, ತಾವಾಗಿ ಬರುತ್ತವೆಯೇ?

ಗರಿಗಣ್ಣು

ಎರಡೂ ಉಂಟು. ನ್ಯೂಜಿಲೆಂಡಿನ ದಕ್ಷಿಣದ ಕ್ಯಾಂಪ್‌ಬೆಲ್ ದ್ವೀಪದಲ್ಲಿ ಎರಡನ್ನೂ ಒಂದೇ ಕಡೆ ನೋಡಬಹುದು. 113 ಚದರ ಕಿಲೋಮೀಟರಿನ ಆ ದ್ವೀಪದಲ್ಲಿ ಹೆಗ್ಗಣಗಳು ವಿಪರೀತವಾಗಿದ್ದವು. ಹಾರಲಾರದ ಕ್ಯಾಂಪ್‌ಬೆಲ್ ಟೀಲ್ ಬಾತುಕೋಳಿ ಅಳಿದೇಹೋಯಿತೆಂದು ಎಣಿಸಿದ್ದರು. 1975ರಲ್ಲಿ ಪಕ್ಕದ ಡೆಂಟ್ ಎಂಬ ಪುಟ್ಟ ಬಂಡೆದ್ವೀಪದಲ್ಲಿ ಕೆಲವು ಸಿಕ್ಕವು. ಅವುಗಳನ್ನು ಸಾಕಿ, ಮರಿ ಮಾಡಿಸಿದರು. 2001ರಲ್ಲಿ ಹೆಗ್ಗಣಗಳನ್ನು ತೆಗೆದು, 2003ರಲ್ಲಿ ಖಚಿತಪಡಿಸಿಕೊಂಡು, 2004ರಿಂದ ಬಾತುಗಳನ್ನು ತಾಯ್ನೆಲಕ್ಕೆ ಬಿಟ್ಟರು.

ಅಲ್ಲಿನ ಸ್ನೈಪ್ ಹಕ್ಕಿಯ ಕಥೆ ನನಗೆ ಇನ್ನೂ ಪ್ರಿಯ. ಅಂಥದೊಂದು ಹಕ್ಕಿ ಇದೆಯೆಂಬುದೇ 1997ರವರೆಗೆ ವಿಜ್ಞಾನಕ್ಕೆ ಗೊತ್ತಿರಲಿಲ್ಲ. ಜಾಕ್‌ಮಾರ್ ಎಂಬ ಇನ್ನೊಂದು ಬಂಡೆದ್ವೀಪದಲ್ಲಿ ಬೆರಳೆಣಿಕೆಯಷ್ಟು ಉಳಿದುಕೊಂಡಿದ್ದವು. ಹೆಗ್ಗಣ ಹೋದ ಕೆಲವೇ ವರ್ಷಗಳಲ್ಲಿ ಅವು ಯಾರ ಸಹಾಯವೂ ಇಲ್ಲದೆ ಮುಖ್ಯ ದ್ವೀಪಕ್ಕೆ ದಾಟಿ ಮರಿ ಮಾಡಿದವು.

ಹಸಿರುಹಾದಿ

ಇಲಿಯ ನೋವಿನ ಬಗ್ಗೆ ನನ್ನ ಆಕ್ಷೇಪ ಹಾಗೆಯೇ ಇದೆ. ಆದರೆ ಹಣ, ಸಿದ್ಧತೆ ಮುಗಿಯದೆ ಶುರು ಮಾಡಬಾರದು ಎಂಬ ಷರತ್ತನ್ನು ನಾನೂ ಹಿಡಿಯುತ್ತೇನೆ. ಉಳಿದದ್ದು ಒಂದು ಕೇಳ್ವಿ: ತೆಗೆದ ಮೇಲೆ ಮತ್ತೆ ಬಾರದಂತೆ ಕಾಯುವವರು ಯಾರು? ಹಡಗುಗಳು ಬರುತ್ತಲೇ ಇರುತ್ತವಲ್ಲ.

ಶಿಲಾಪದರ

ಕಾಯುವ ಕೆಲಸ ಎಂದೂ ಮುಗಿಯುವುದಿಲ್ಲ, ಅದನ್ನು ಯೋಜನೆಯ ಲೆಕ್ಕದಲ್ಲಿಯೇ ಬರೆಯಬೇಕು. ಹಡಗಿನಲ್ಲಿ ಇಲಿ ಇದೆಯೇ ಎಂದು ಹೊರಡುವ ಮೊದಲೇ ನೋಡುವುದು, ಸರಕನ್ನು ಬಿಚ್ಚಿ ಪರೀಕ್ಷಿಸುವುದು, ಇಳಿಯುವವರ ಬೂಟು ತಿಕ್ಕಿ ತೊಳೆಸುವುದು, ಕೋಟಿನ ಜೇಬು ಮತ್ತು ವೆಲ್ಕ್ರೋ ಪಟ್ಟಿಗಳಲ್ಲಿ ಸಿಕ್ಕಿಕೊಂಡ ಬೀಜಗಳನ್ನು ಹೀರುಯಂತ್ರದಿಂದ ತೆಗೆಸುವುದು ಇವೆಲ್ಲ ಈಗಾಗಲೇ ಇಂಥ ದ್ವೀಪಗಳಲ್ಲಿ ನಡೆಯುತ್ತಿವೆ. ಬೀಜವನ್ನು ಕಡೆಗಣಿಸಬೇಡಿ. ಪೋವಾ ಆನ್ಯುವಾ ಎಂಬ ಸಾಮಾನ್ಯ ಹುಲ್ಲು ಬೂಟಿನ ಜೊತೆ ಬಂದು ಈ ದ್ವೀಪಗಳಲ್ಲಿ ಬಹುತೇಕ ಕಡೆ ಬೇರೂರಿದೆ, ಅದನ್ನು ಹೆಲಿಕಾಪ್ಟರ್‌ನಿಂದ ತೆಗೆಯಲಾಗುವುದಿಲ್ಲ.

ಹೊರಗಿನ ಪ್ರಾಣಿ ಬಾರದಂತೆ ಕಾದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಮೇರಿಯನ್‌ನ ಪಕ್ಕದಲ್ಲಿಯೇ ಇದೆ. ಸುಮಾರು 20 ಕಿಲೋಮೀಟರ್ ಆಚೆಗಿರುವ ಪ್ರಿನ್ಸ್ ಎಡ್ವರ್ಡ್ ದ್ವೀಪ ಅದೇ ಹವೆಯದು, ಅದೇ ಬೆಂಕಿಬೆಟ್ಟದ ಕಲ್ಲಿನದು, ವಿಸ್ತೀರ್ಣ ಸುಮಾರು 45 ಚದರ ಕಿಲೋಮೀಟರ್. ಅಲ್ಲಿಗೆ ಬೆಕ್ಕಾಗಲಿ ಇಲಿಯಾಗಲಿ ತಲುಪಲಿಲ್ಲ. ಅಲ್ಲಿ ಇಳಿಯಲು ಅನುಮತಿ ಸಿಗುವುದು ಅಪರೂಪಕ್ಕೆ, ಅದೂ ಸಣ್ಣ ತಂಡಗಳಿಗೆ. ಮೇರಿಯನ್‌ನಲ್ಲಿ ಇಲಿ ಹೋದ ಮೇಲೆ ನೆಲ ಎಷ್ಟು ಸುಧಾರಿಸಿದೆ ಎಂದು ಅಳೆಯಬೇಕಾದಾಗ, ಪೆಟ್ರೆಲ್ ಬಿಲಗಳ ದಟ್ಟಣೆಯನ್ನೂ ಹುಳುಗಳ ಗಾತ್ರವನ್ನೂ ಅದರೊಂದಿಗೆ ಹೋಲಿಸಿ ನೋಡಬಹುದು.